ಕಾಗಿಣಾ ಸೇತುವೆಯ ಕಪ್ಪು ಸೈಕಲ್

ಬೆಳಕು ಹರಿದಿತ್ತು. ಬಿಸಿಲು ಇನ್ನೂ ಬಿದ್ದಿರಲಿಲ್ಲ. ಮಳಖೇಡದ ಕಾಗಿಣಾ ಸೇತುವೆಯ ಮೇಲೆ ಜನ ಗುಂಪುಗೂಡಿದ್ದರು.

ಪಿಎಸ್‌ಐ ಗುರುದೇವಿ ಜೀಪಿನಿಂದ ಇಳಿದು ಗುಂಪು ಸರಿಸಿದಳು. ರಸ್ತೆಯಲ್ಲಿ ಒಬ್ಬ ಯುವಕ ಬಿದ್ದಿದ್ದ. ಹೆಲ್ಮೆಟ್ ಎರಡು ಹೋಳಾಗಿತ್ತು. ಯಾರೋ ಎದೆಯ ಮೇಲೆ ಟವೆಲ್ ಹೊದಿಸಿದ್ದರು. ಉಸಿರಿರಲಿಲ್ಲ.

"ಸೇಡಂನ ದಿಲೀಪ್ರಿ ಮೇಡಂ. ತೊಗರಿ ವ್ಯಾಪಾರಿ ನಾಗೇಂದ್ರಪ್ಪನವರ ಮಗ," ಎಂದ ಕಾನ್‌ಸ್ಟೆಬಲ್. "ಮೊನ್ನೆನೇ ರಾಜ್ಯ ಸೈಕ್ಲಿಂಗ್ ತಂಡಕ್ಕ ಆಯ್ಕೆ ಆಗಿದ್ದ."

ಗುರುದೇವಿಗೂ ಅವನು ಗೊತ್ತು. ಆ ರಸ್ತೆಯಲ್ಲಿ ಓಡಾಡುವವರಿಗೆಲ್ಲ ಗೊತ್ತು. ನಸುಕಿನಲ್ಲಿ ಕಪ್ಪು ಸೈಕಲ್ ಮೇಲೆ ಬಾಗಿ, ಲಾರಿಗಳ ಪಕ್ಕದಲ್ಲೇ ಸುಂಯ್ ಎಂದು ಹಾದು ಹೋಗುವ ಹುಡುಗ.

ಆ ಸೈಕಲ್ ಈಗ ಸೇತುವೆಯ ಕಟ್ಟೆಗೆ ಒರಗಿ ಬಿದ್ದಿತ್ತು. ಮುಂದಿನ ಚಕ್ರ ಬೇರೆಯಾಗಿ ದೂರ ಹೋಗಿತ್ತು. ಚಕ್ರವನ್ನು ಹಿಡಿಯುವ ಫೋರ್ಕ್ ನಡುವೆ ಮುರಿದು, ಕರಿ ನಾರುಗಳು ಹೊರಚಾಚಿದ್ದವು.

ಹಿಂದೆ ಸಿಮೆಂಟ್ ಚೀಲ ತುಂಬಿದ ನೀಲಿ ಲಾರಿ ನಿಂತಿತ್ತು. ಜನ ಅದರ ಚಾಲಕನ ಅಂಗಿ ಹಿಡಿದು ಎಳೆದಾಡುತ್ತಿದ್ದರು. ಅವನ ತುಟಿ ಒಡೆದು ರಕ್ತ ಸುರಿಯುತ್ತಿತ್ತು.

"ಬಿಡ್ರಿ ಅವನ್ನ! ನಿನ್ನ ಹೆಸರೇನು?"

"ಮೌಲಾಲಿ ರೀ. ನಾ ಹೊಡದಿಲ್ರಿ ಮೇಡಂ. ಅವ ನನ್ನ ಮುಂದ ಭಾಳ ದೂರ ಇದ್ದ. ತಾನಾಗೇ ಬಿದ್ದ. ನಾ ಬ್ರೇಕ್ ಹಾಕಿ ಇಳದು ಓಡಿದೆ."

"ಸುಳ್ಳ ಹೇಳ್ತಾನ್ರಿ!" ಎಂದು ನಾಲ್ಕಾರು ಜನ ಒಟ್ಟಿಗೆ ಕೂಗಿದರು.

ಅಷ್ಟರಲ್ಲಿ ಕಾರೊಂದು ಬಂದು ನಿಂತಿತು. ನಾಗೇಂದ್ರಪ್ಪ ಇಳಿದವರೇ ಮಗನ ಮೇಲೆ ಬಿದ್ದರು. ಜನ ಅವರನ್ನು ಎಬ್ಬಿಸಲು ಹೋದರೆ ಏಳಲಿಲ್ಲ. ಆಮೇಲೆ ತಾವೇ ಎದ್ದು ನೇರ ಮೌಲಾಲಿಯ ಬಳಿ ಹೋಗಿ ಅವನ ಕೆನ್ನೆಗೆ ಬಾರಿಸಿದರು. ಮೌಲಾಲಿ ಕೈ ಅಡ್ಡ ತರಲಿಲ್ಲ.

ಅವರ ಹಿಂದೆ ಮಗಳು ನಾಗರತ್ನಾ ಇಳಿದಳು. ಡಿಗ್ರಿ ಓದುತ್ತಿದ್ದ ಹುಡುಗಿ. ಅವಳ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ಮುರಿದ ಸೈಕಲ್ ನೋಡಿ ಕಂಬದಂತೆ ನಿಂತುಬಿಟ್ಟಳು. ಬಹಳ ಹೊತ್ತಿನ ಮೇಲೆ ಅಣ್ಣನ ಕಡೆ ತಿರುಗಿದಳು.

* * *

ಲಾರಿಯನ್ನು ಗುರುದೇವಿ ಸ್ವತಃ ಪರೀಕ್ಷಿಸಿದಳು. ಮುಂಭಾಗದ ಮೇಲೆ ಸಿಮೆಂಟ್ ಧೂಳು ಒಂದೇ ಸಮನಾಗಿ ಕೂತಿತ್ತು. ಎಲ್ಲಿಯೂ ಒರೆಸಿದ ಗುರುತಿಲ್ಲ, ತಗ್ಗಿಲ್ಲ. ಸೈಕಲ್ಲಿನ ಹಿಂದಿನ ಚಕ್ರಕ್ಕೂ ಏನೂ ಆಗಿರಲಿಲ್ಲ. ಹಿಂದಿನಿಂದ ಹೊಡೆದಿದ್ದರೆ ಮೊದಲು ಹೋಗಬೇಕಾದದ್ದು ಅದೇ.

ಆದರೆ ಮೌಲಾಲಿಯನ್ನು ಹೊರಗೆ ಬಿಡುವಂತಿರಲಿಲ್ಲ. ಠಾಣೆಯ ಮುಂದೆ ಜನ ಸೇರಿದ್ದರು.

ಮಧ್ಯಾಹ್ನ ಅವಳು ನಾಗೇಂದ್ರಪ್ಪನವರ ಮನೆಗೆ ಹೋದಳು. ನಾಗರತ್ನಾ ಒಳಕೋಣೆಯಲ್ಲಿ ದುಪಟ್ಟಾ ಹೊದ್ದು ಕೂತಿದ್ದಳು.

"ನಿಮ್ಮಣ್ಣನ ಮ್ಯಾಲ ಯಾರಿಗಾದರೂ ಸಿಟ್ಟಿತ್ತೇನವ್ವಾ?"

ಅವಳು ತಲೆ ಎತ್ತಲಿಲ್ಲ. "ನಿನ್ನೆ ಸಂಜಿಕೂ ಒಂದು ಲಾರಿ ಅಣ್ಣನ್ನ ಒತ್ತಿತ್ತಂತ್ರಿ. ಕುರಕುಂಟಾ ರೋಡಿನ್ಯಾಗ. ಸೈಕಲ್ ಸಮೇತ ಬಿದ್ದಿದ್ನಂತ. ನೀಲಿ ಲಾರಿ ಅಂತ ನನ್ನ ಮುಂದಷ್ಟೇ ಹೇಳಿದ್ದ."

ಬಾಗಿಲಲ್ಲಿ ನಿಂತಿದ್ದ ನಾಗೇಂದ್ರಪ್ಪ ಹಲ್ಲು ಕಚ್ಚಿದರು. "ಕೇಳಿದ್ರೇನ್ರಿ? ಬೇಕಂತ ಕೊಂದಾನ ನನ್ನ ಮಗನ್ನ!"

ಅಪಘಾತದ ಕೇಸು ಕೊಲೆಯ ಕೇಸಾಗುತ್ತಿತ್ತು.

ಜೀಪು ಹತ್ತುವಾಗ ಗುರುದೇವಿ, ಶವಪರೀಕ್ಷೆ ಮಾಡಿದ ತಾಲೂಕು ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿದಳು.

"ಗಾಯ ಎಲ್ಲಾ ಇವತ್ತಿನವು," ಎಂದರು ಡಾಕ್ಟರು. "ಹಳೇದು ಒಂದು ತರಚಿದ ಗಾಯನೂ ಇಲ್ಲ."

ನಿನ್ನೆ ಸಂಜೆ ಸೈಕಲ್ ಸಮೇತ ಬಿದ್ದವನಿಗೆ ಮೊಣಕೈ ಕೂಡ ತರಚಿಲ್ಲವೇ?

* * *

ಸೈಕಲ್ಲನ್ನು ಜೀಪಿನಲ್ಲಿ ಹಾಕಿಕೊಂಡು ಅವಳು ಶಹಾಬಾದಿಗೆ ಹೋದಳು. ಅದನ್ನು ಕಟ್ಟಿದವನು ಅಲ್ಲಿಯ ತಾರೀಕ. ಪುಣೆಯಲ್ಲಿ ಗಾಳಿಯಂತ್ರದ ರೆಕ್ಕೆ ತಯಾರಿಸುವ ಕಡೆ ಎಂಜಿನಿಯರಾಗಿದ್ದು, ಊರಿಗೆ ಮರಳಿ ಸ್ವಂತ ವರ್ಕ್‌ಶಾಪ್ ಹಾಕಿದ್ದ.

ಸುದ್ದಿ ಅವನನ್ನು ಆಗಲೇ ಮುಟ್ಟಿತ್ತು. ಮುರಿದ ಫೋರ್ಕ್ ಕೈಗೆ ಬಂದೊಡನೆ ಅವನು ನೆಲದ ಮೇಲೆ ಕೂತುಬಿಟ್ಟ.

"ಲಾರಿ ಅಲ್ರಿ ಮೇಡಂ. ನಾನೇ ಕೊಂದೆ. ಇದು ನಾ ಮಾಡಿದ್ದು."

"ಹ್ಯಾಂಗ ಮಾಡಿದ್ದಿ, ಹೇಳು."

ಅವನು ತಡೆತಡೆದು ಹೇಳಿದ. ದಿಲೀಪನ ಕಾಲು, ಬೆನ್ನು, ತೋಳು ಅಳೆದು ಆ ಅಳತೆಗೇ ಅಚ್ಚು ತೆಗೆದಿದ್ದ. ಕಾರ್ಬನ್ ನಾರಿನ ಬಟ್ಟೆಯನ್ನು ಪದರ ಪದರವಾಗಿ ಅಂಟಿಸಿ, ಒತ್ತಡ ಕೊಟ್ಟು, ಬಿಸಿಯಲ್ಲಿ ಗಟ್ಟಿ ಮಾಡಿದ್ದ. ಕೊಳವೆಗಳೆಲ್ಲ ಗಾಳಿ ಸೀಳುವ ಹಾಗೆ ಮುಂದೆ ದುಂಡಗೆ, ಹಿಂದೆ ಚೂಪಾಗಿ. ಬ್ರೇಕಿನ ಪೈಪು ಕೂಡ ಗಾಳಿಗೆ ತಗಲದಂತೆ ಒಳಗೇ ಹೋಗಿತ್ತು. ಮೊದಲ ಎರಡು ಫೋರ್ಕ್ ಮನಸ್ಸಿಗೆ ಬರಲಿಲ್ಲವೆಂದು ತಾನೇ ಒಡೆದು ಹಾಕಿದ್ದ. ಮೂರನೆಯದು ಇದು.

"ಮೊದಲನೇ ದಿನ ಓಡಿಸಿ ಬಂದು, 'ತಾರೀಕಭಾಯ್, ಎದುರು ಗಾಳೀನೇ ಇಲ್ಲ ಅನಸ್ತದ' ಅಂದಿದ್ದ," ಎಂದು ಹೇಳಿ ಬಿಕ್ಕಿದ.

ಗುರುದೇವಿ ಮುರಿದ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಸೈಕಲ್ ಪೂರ್ತಿ ಮಾಸಲು ಕಪ್ಪು. ಆದರೆ ಮುರಿದ ಅಂಚಿನ ಪಕ್ಕ ಹೆಬ್ಬೆರಳಗಲ ಜಾಗ ಮಿರಿಮಿರಿ ಹೊಳೆಯುತ್ತಿತ್ತು. ಎಡಗಡೆಯ ಬ್ರೇಕ್ ಹಿಡಿಯ ತುದಿಯಲ್ಲೂ ಅದೇ ಹೊಳಪು.

"ಇದೇನು? ನಿನ್ನ ಬಣ್ಣ?"

ತಾರೀಕ ಎದ್ದು ನೋಡಿದ. "ಅಲ್ರಿ. ನಾ ಹೊಳಪು ಹಚ್ಚಂಗೇ ಇಲ್ಲ."

ಗುರುದೇವಿ ಮೂಸಿ ನೋಡಿದಳು; ಉಗುರುಬಣ್ಣದ ಸಣ್ಣ ವಾಸನೆ ಇತ್ತು. ಕಾನ್‌ಸ್ಟೆಬಲ್‌ನನ್ನು ಪಕ್ಕದ ಬಳೆ ಅಂಗಡಿಗೆ ಕಳಿಸಿ, ಉಗುರುಬಣ್ಣ ತೆಗೆಯುವ ದ್ರಾವಣ ತರಿಸಿದಳು. ಹತ್ತಿಯಲ್ಲಿ ಅದ್ದಿ ಮೆಲ್ಲಗೆ ಉಜ್ಜಿದಳು. ಹತ್ತಿ ಕಪ್ಪಾಯಿತು. ಹೊಳಪಿನ ಕೆಳಗೆ ಕೂದಲೆಳೆಯಂಥ ಸೀಳು ಕಾಣಿಸಿತು. ಅದರೊಳಗೆ ಕೆಂಪು ಗರಸು ಮಣ್ಣು ಸಿಕ್ಕಿಕೊಂಡಿತ್ತು.

ತಾರೀಕ ಸೀಳಿನ ಮೇಲೆ ಬೆರಳಾಡಿಸಿದ. "ಯಾ ಅಲ್ಲಾ! ಇದು ಮೊದಲೇ ಸೀಳಿತ್ತು. ಕಲ್ಲಿಗೆ ಬಡದದ. ಕಾರ್ಬನ್ ಬಾಗಂಗಿಲ್ರಿ. ಒಮ್ಮೆ ಸೀಳ್ತು ಅಂದ್ರ ಯಾವಾಗ ಮುರಿತದ ಹೇಳಾಕ ಬರಂಗಿಲ್ಲ. ಇದನ್ನ ಮುಚ್ಯಾರ!"

"ಇಲ್ಲಿ ನೋಡು," ಎಂದಳು ಗುರುದೇವಿ. ಸೀಟಿನ ಕೆಳಗಿನ ಕಂಬದ ಮೇಲೆ ಬಿಗಿ ಹಿಡಿದ ಗುರುತು ಎರಡಿದ್ದವು. ಒಂದು ಹಳೆಯದು. ಇನ್ನೊಂದು ಅದಕ್ಕಿಂತ ನಾಲ್ಕು ಬೆರಳು ಮೇಲೆ, ಹೊಸದಾಗಿ ಗೀಚಿದ್ದು.

ತಾರೀಕ ಅಳತೆ ಮಾಡಿ ನೋಡಿ ತಲೆ ಅಲ್ಲಾಡಿಸಿದ. "ನಾ ಕೂರಿಸಿದ್ದು ಒಂದೇ ಸಲ. ಯಾರೋ ಸೀಟು ಕೆಳಗ ಇಳಿಸಿ, ಮತ್ತ ಮೊದಲಿನಂಗ ಏರಿಸ್ಯಾರ್ರಿ."

"ಅಂದ್ರ ದಿಲೀಪನಕಿಂತ ಗಿಡ್ಡ ಇದ್ದವರು ಓಡಿಸ್ಯಾರ."

"ಅವ ಯಾರಿಗೂ ಮುಟ್ಟಾಕೂ ಕೊಡ್ತಿದ್ದಿಲ್ರಿ!"

* * *

ಚಿತ್ತಾಪುರದ ಮೆಹತಾಬ್ ಆಯ್ಕೆಯ ಸ್ಪರ್ಧೆಯಲ್ಲಿ ದಿಲೀಪನಿಗೆ ಸೋತಿದ್ದ. 'ಆ ಸೈಕಲ್ ಮುರಿದು ಬೀಳಲಿ' ಎಂದು ಎಲ್ಲರೆದುರು ಕೂಗಾಡಿದ್ದನೆಂದು ತಾರೀಕ ಹೇಳಿದ. ಗುರುದೇವಿ ನೇರ ಅವನ ಮನೆಗೆ ಹೋದಳು.

ಅವನು ಬಾಗಿಲು ತೆರೆದಾಗಲೇ ಅವಳ ಅನುಮಾನ ಕುಸಿಯಿತು. ಮೆಹತಾಬ್ ದಿಲೀಪನಿಗಿಂತ ಗೇಣುದ್ದ ಎತ್ತರವಿದ್ದ. ಆ ಸೀಟನ್ನು ಅವನು ಏರಿಸಬೇಕಿತ್ತೇ ಹೊರತು ಇಳಿಸುವಂತಿರಲಿಲ್ಲ.

"ಸಿಟ್ಟಿನ್ಯಾಗ ಅಂದಿದ್ದೆ ರೀ," ಎಂದ. ಅವನ ಕಣ್ಣು ಕೆಂಪಾಗಿದ್ದವು. "ನಿನ್ನೆ ಕಲಬುರಗಿಗೆ ಹೋಗಿ ಮಾಫಿ ಕೇಳಿದೆ. ಸೈಕ್ಲಿಂಗ್ ಸಂಘದ ಮೀಟಿಂಗಿತ್ತು. ಮಧ್ಯಾಹ್ನದಿಂದ ಇಬ್ಬರೂ ಜೋಡೀನೇ ಇದ್ವಿ. ಒಂದೇ ರೈಲಿಗೆ ಬಂದ್ವಿ. ಕತ್ತಲಾದ ಮ್ಯಾಲ ನಾ ಇಲ್ಲಿಳದೆ, ಅವ ಸೇಡಂಗ ಹೋದ."

"ಸೈಕಲ್?"

"ಸೈಕಲ್ ಮನ್ಯಾಗಿತ್ರಿ."

ಗುರುದೇವಿ ಜೀಪಿನ ಕಡೆ ತಿರುಗಿದಳು. ಸಂಜೆ ಕಲಬುರಗಿಯಲ್ಲಿದ್ದವನು ಕುರಕುಂಟಾ ರಸ್ತೆಯಲ್ಲಿ ಬೀಳಲು ಸಾಧ್ಯವಿರಲಿಲ್ಲ. ಹಾಗಾದರೆ ಬಿದ್ದದ್ದು ಯಾರು?

ಉತ್ತರ ಹೊಳೆದಾಗ ಅದನ್ನು ನಂಬಲು ಅವಳಿಗೆ ಮನಸ್ಸಾಗಲಿಲ್ಲ.

* * *

ಅವಳು ಸೇಡಂಗೆ ಮರಳುವ ಹೊತ್ತಿಗೆ ದಿಲೀಪನನ್ನು ಮಣ್ಣು ಮಾಡಿ ಬಂದಿದ್ದರು. ನಾಗೇಂದ್ರಪ್ಪ ಪಡಸಾಲೆಯಲ್ಲಿ ಕೂತಿದ್ದರು. ಗುರುದೇವಿ ಮಹಿಳಾ ಪೇದೆಯ ಜೊತೆ ಒಳಗೆ ಬಂದು ನಾಗರತ್ನಾಳನ್ನು ಕರೆಸಿದಳು.

"ಎಡಗೈ ತೋಳು ಮ್ಯಾಲ ಮಾಡವ್ವಾ."

"ಇದೇನ್ರಿ ಮೇಡಂ?" ನಾಗೇಂದ್ರಪ್ಪ ಸಿಟ್ಟಿನಿಂದ ಎದ್ದರು.

ಹುಡುಗಿ ಅಲುಗಾಡಲಿಲ್ಲ. ಪೇದೆಯೇ ಕುರ್ತಾದ ತೋಳನ್ನು ಮೇಲೆ ಸರಿಸಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಕಿತ್ತು ಹೋಗಿತ್ತು. ಹಸಿ ಗಾಯದಲ್ಲಿ ಕೆಂಪು ಗರಸಿನ ಹರಳುಗಳು ಇನ್ನೂ ಹಾಗೇ ಇದ್ದವು.

ನಾಗೇಂದ್ರಪ್ಪ ಮಗಳ ಕೈ ಹಿಡಿದು ನೋಡಿದರು.

"ಮುಂಜಾನೆ ಸೇತುವೆ ಮ್ಯಾಲ ನೀ ಮೊದಲು ನೋಡಿದ್ದು ಸೈಕಲ್ಲನ್ನ, ಅಣ್ಣನ್ನಲ್ಲ," ಎಂದಳು ಗುರುದೇವಿ. "ಆಗ ನನಗ ತಿಳೀಲಿಲ್ಲ. ಅಣ್ಣ ನಿನ್ನೆ ಬಿದ್ದಿದ್ದ ಅಂದಿ. ಅವನ ಮೈಮ್ಯಾಲ ಹಳೇ ಗಾಯ ಇದ್ದಿಲ್ಲ. ಅವ ಕಲಬುರಗ್ಯಾಗಿದ್ದ. ಸೀಟು ನಾಲ್ಕು ಬೆರಳು ಇಳಿಸಿ ಓಡಿಸಿದ್ದು ನೀನು. ಬಿದ್ದಾಕಿ ನೀನು. ಫೋರ್ಕ್ ಸೀಳಿತ್ತು. ಅದರ ಮ್ಯಾಲ ನಿನ್ನ ಕರಿ ಉಗುರುಬಣ್ಣ ಹಚ್ಚಿದಿ. ಹೌದಿಲ್ಲೋ?"

ನಾಗರತ್ನಾ ಅಪ್ಪನ ಕಾಲ ಬಳಿ ಕೂತಳು.

"ನಂಗ ಗೊತ್ತಿದ್ದಿಲ್ರಿ... ಮ್ಯಾಲಿನ ಬಣ್ಣ ಅಷ್ಟೇ ಹೋಗ್ಯಾದ ಅನಕೊಂಡೆ. ಅಣ್ಣ ರೈಲಿಳದು ಬಂದ. ಭಾಳ ಖುಷಿಯಾಗಿದ್ದ. ಬೈತಾನ ಅಂತ ಹೆದರಿಕಿ ಆತು. ಮುಂಜಾನೆ ಎದ್ದು ಹೇಳೋಣ ಅಂತ ಮಲಗಿದೆ. ಎದ್ದಾಗ ಅವ ಹೋಗಿಬಿಟ್ಟಿದ್ದ."

"ನೀ ಸೈಕಲ್ ಓಡಸ್ತಿದ್ದೇನವ್ವಾ?" ಎಂದರು ನಾಗೇಂದ್ರಪ್ಪ.

"ಅವ ಇಲ್ಲದಾಗೆಲ್ಲಾ ಓಡಸ್ತಿದ್ದೆ ಅಪ್ಪಾ. ಹಳೇದು ಓಡಸ್ತಿದ್ದೆ. ಇದು ಒಂದೇ ಸಲ. ನಾ ಕೇಳಿದ್ರ ನೀವು ಕೊಡಸ್ತಿದ್ದಿರೇನು?"

"ಹೆದರಿ ಸುಮ್ಮನಿದ್ದಿ. ಅದು ಒಂದು," ಎಂದಳು ಗುರುದೇವಿ. "ಆದ್ರ ಅವ ಸತ್ತ ಮ್ಯಾಲೂ ಸುಳ್ಳು ಹೇಳಿದಿ. ನಿನ್ನ ಒಂದು ಮಾತಿಗೆ ಮೌಲಾಲಿಗೆ ಜೀವಾವಧಿ ಆಗ್ತಿತ್ತು. ಅವಗೂ ಮನಿ ಅದ, ಮಕ್ಕಳದಾವ."

"ಎಲ್ಲಾರೂ ಆಗಲೇ ಲಾರಿ ಅನ್ನಾಕತ್ತಿದ್ರು," ಎಂದು ಅವಳು ಪಿಸುಗುಟ್ಟಿದಳು. "ನಾನೂ ಅಂದೆ."

ಪೇದೆ ಅವಳ ತೋಳು ಹಿಡಿದು ಎಬ್ಬಿಸಿದಳು. ಸುಳ್ಳು ಹೇಳಿಕೆಗೂ, ಅಜಾಗರೂಕತೆಯಿಂದಾದ ಸಾವಿಗೂ ಅಂದೇ ಕೇಸು ದಾಖಲಾಯಿತು.

ಗುರುದೇವಿ ತಾರೀಕನಿಗೆ ಫೋನ್ ಮಾಡಿ, "ನಿನ್ನ ಕೆಲಸದಾಗ ತಪ್ಪಿಲ್ಲ," ಎಂದಳು. ಆ ಕಡೆಯಿಂದ ಅಳು ಮಾತ್ರ ಕೇಳಿಸಿತು.

* * *

ಮೌಲಾಲಿಯನ್ನು ಬಿಡುವ ಹೊತ್ತಿಗೆ ನಾಗೇಂದ್ರಪ್ಪ ಠಾಣೆಗೆ ಬಂದರು. ಮಗಳನ್ನು ನೋಡಲು ಬಂದಿರಬೇಕೆಂದು ಗುರುದೇವಿ ತಿಳಿದಳು. ಆದರೆ ಅವರು ಅಂಗಳದಲ್ಲೇ ನಿಂತರು. ಮೌಲಾಲಿ ಹೊರಗೆ ಬಂದಾಗ ಅವನ ಊದಿದ ಮುಖ ನೋಡಿ ಎರಡೂ ಕೈ ಜೋಡಿಸಿದರು.

ಮೌಲಾಲಿ ಹತ್ತಿರ ಬಂದು ಅವರ ಕೈ ಕೆಳಗಿಳಿಸಿದ.

"ಸಾವ್ಕಾರ್ರ, ಮುಂಜಾನಿಂದ ಯಾರೂ ನನ್ನ ಮಾತು ಕೇಳಲಿಲ್ಲ. ನಿಮಗ ಹೇಳಬೇಕಂತ ಕುಂತಿದ್ದೆ," ಎಂದ. "ನಾ ಓಡಿ ಹೋದಾಗ ನಿಮ್ಮ ಮಗ ಇನ್ನೂ ಇದ್ದ. ನೀರು ಕೇಳಿದ. ತಲಿ ತೊಡಿಮ್ಯಾಲ ಇಟಗೊಂಡು ಕುಡಿಸಿದೆ. ನನ್ನ ಕೈ ಗಟ್ಟಿ ಹಿಡಕೊಂಡಿದ್ದ. ಒಬ್ಬನೇ ಹೋಗಲಿಲ್ರಿ ಅವ."

ನಾಗೇಂದ್ರಪ್ಪ ಅವನ ಆ ಕೈಯನ್ನು ಹಿಡಿದುಕೊಂಡು ಠಾಣೆಯ ಮೆಟ್ಟಿಲ ಮೇಲೆ ಕೂತರು. ಬೆಳಗಿನಿಂದ ಬಾರದ ಅಳು ಆಗ ಬಂತು. ಮೌಲಾಲಿ ಮನೆಗೆ ಹೋಗಲಿಲ್ಲ. ಅವರ ಪಕ್ಕದಲ್ಲೇ ಕೂತ.