ಮೂರು ಗೇಣಿನ ಮರಿಛತ್ರಿ

೨೦೦೬ರ ಜನವರಿ ೨೭, ಬೆಳಿಗ್ಗೆ ೧೦-೨೦. ಮೇಡ್ಲೇರಿಯ ಶೇಖವ್ವ ರಾಣೇಬೆನ್ನೂರಿನ ಠಾಣೆಗೆ ಬಂದಳು. ಹಿಂದಿನ ದಿನ ಗಣರಾಜ್ಯೋತ್ಸವದ ಪ್ರದರ್ಶನದಲ್ಲಿ ಅವಳ ಮಗ ಮೈಲೇಶ ವಿಮಾನದಿಂದ ಜಿಗಿದು, ಪ್ಯಾರಾಚೂಟ್ ಬಿಚ್ಚಿಕೊಳ್ಳದೆ, ನೀರು ಹಾಯಿಸಿದ ಎರೆಹೊಲಕ್ಕೆ ಬಿದ್ದು ಸತ್ತಿದ್ದ. ಬಿಚ್ಚಲು ಅವನೇ ತಡ ಮಾಡಿದನೆಂದು ಪ್ಯಾರಾಚೂಟ್ ಕ್ಲಬ್ಬಿನವರು ಬರೆದುಕೊಟ್ಟಿದ್ದರು.

"ನನ್ನ ಮಗ ತಡಾ ಮಾಡಿಲ್ಲರಿ. ಅವನ ಹಿಂದ ಬಾಲದಂಗ ಏನೋ ಹಾರಾಕತ್ತಿತ್ತು, ನಾ ನೋಡೇನಿ. ಸತ್ತಾಂವಗ ಬಾಯಿಲ್ಲಂತ ಏನರ ಬರೀಬಹುದೇನ್ರಿ?"

ಇನ್ಸ್‌ಪೆಕ್ಟರ್ ಪರಮೇಶಪ್ಪ ಎಫ್‌ಐಆರ್ ದಾಖಲಿಸಿದರು.

೧೨-೧೫ಕ್ಕೆ ಪಂಚರೆದುರು ಪ್ಯಾರಾಚೂಟಿನ ಪಂಚನಾಮೆ. ಜಿಗಿದವನು ಮೊದಲು ಒಂದು ಮರಿಛತ್ರಿಯನ್ನು ಗಾಳಿಗೆ ಎಸೆಯಬೇಕು. ಅದು ಗಾಳಿ ತುಂಬಿಕೊಂಡು ದೊಡ್ಡ ಛತ್ರಿಯನ್ನು ಚೀಲದಿಂದ ಜಗ್ಗುತ್ತದೆ. ಹೆಡ್ ಕಾನ್‌ಸ್ಟೇಬಲ್ ಫಕ್ಕೀರಸಾಬ ಬಗ್ಗಿ ನೋಡಿದ.

"ಸಾಹೇಬ್ರ, ಹಗ್ಗಕ್ಕೆಲ್ಲ ಎರಿಮಣ್ಣು ಮೆತ್ತೇತಿ. ತುದಿಗಿನ ಮರಿಛತ್ರಿ ಮಾತ್ರ ಮದುಮಗನಂಗ ಶುಭ್ರ ಐತಿ."

"ಬಿದ್ದ ಮ್ಯಾಲ ಬದಲಾಗೇತಿ. ಹೊಲದಾಗ ಇದನ್ನ ಸುತ್ತಿಟ್ಟಾಂವ ಯಾರು?"

ಸಿದ್ದಲಿಂಗೇಶ. ಕ್ಲಬ್ಬಿನ ಪ್ಯಾರಾಚೂಟ್ ಮಡಚುವವನು, ಮೈಲೇಶನ ಗೆಳೆಯ. ೩-೪೦ಕ್ಕೆ ಬ್ಯಾಡಗಿಯ ಅವನ ಮನೆಯ ಅಟ್ಟದಲ್ಲಿ, ಹಾಸಿಗೆಯೊಳಗೆ, ಮಣ್ಣಾದ ಇನ್ನೊಂದು ಮರಿಛತ್ರಿ ಸಿಕ್ಕಿತು. ಶುಭ್ರವಾದದ್ದು ಮೂವತ್ತಮೂರು ಇಂಚು ಅಗಲ, ಇದು ಇಪ್ಪತ್ತೊಂದೇ.

"ಇದು ಮೆಣಸಿನಕಾಯಿ ಚೀಲದ ಹೊಲಿಗಿರಿ," ಎಂದ ಫಕ್ಕೀರಸಾಬ. "ಈ ಊರಾಗ ಹಿಂಗ ಹೊಲಿಯಾಕಿ ಗುಲಾಬಬಿ ಒಬ್ಬಾಕಿನ."

ಎರಡು ಓಣಿ ಆಚೆ ಚೀಲ ಹೊಲಿಯುತ್ತಿದ್ದ ಗುಲಾಬಬಿ ಮಷಿನ್ ನಿಲ್ಲಿಸಲಿಲ್ಲ.

"ನಾನ ಹೊಲದದ್ದು. ಮೂರ ಗೇಣು ಅಂತ ಸಿದ್ದಲಿಂಗೇಶ ರಾಣೇಬೆನ್ನೂರಿಂದ ಫೋನ್ಯಾಗ ಹೇಳಿದ್ದ. ಸರಿ ಮೂರ ಗೇಣ ಐತಿ, ಅಳೀರಿ ಬೇಕಾರ."

ಆಕೆ ಕೈ ಚಾಚಿ ತೋರಿಸಿದಳು. ಗೇಣು ಏಳು ಇಂಚು. ಪರಮೇಶಪ್ಪ ಜೊತೆಗೆ ಕರೆತಂದಿದ್ದ ಸಿದ್ದಲಿಂಗೇಶನ ಕೈಯನ್ನು ಮಷಿನ್ನಿನ ಮೇಜಿನ ಮೇಲೆ ಬಿಡಿಸಿ ಅಳೆದರು. ಒಂಬತ್ತು.

ಸಂಜೆ ೫-೫೦ಕ್ಕೆ ಠಾಣೆಯಲ್ಲಿ ದಸ್ತಗಿರಿ.

"ಸಣ್ಣದು ಯಾಕ ಮಾಡಿಸಿದಿ?"

"ಹಳೇ ಮರಿಛತ್ರಿ ಜೋರ ಜಗ್ಗತಿತ್ರಿ, ಪ್ಯಾರಾಚೂಟ್ ಝಟಕಾ ಹೊಡದು ಬಿಚ್ಚತಿತ್ತು. ಅವಂಗ ಕುತ್ತಿಗಿ ನೋವು. ಜಿಗೀಬ್ಯಾಡಂದ್ರ ಕೇಳಲಿಲ್ಲ. ಮೆಲ್ಲಕ ಬಿಚ್ಚಲಿ ಅಂತ ಇಪ್ಪತ್ತೇಳು ಇಂಚಿಂದು ಲೆಕ್ಕಾ ಹಾಕಿದ್ನಿ. ಇಪ್ಪತ್ತೊಂದಕ್ಕ ಜಗ್ಗೋ ಕಸುವ ಇರಲಿಲ್ರಿ."

"ಬಂದ ಮ್ಯಾಲ ಅಳೀಲಿಲ್ಲ?"

"ಅವತ್ತ ಮುಂಜಾನಿ ಬ್ಯಾಡಗಿ ಬಸ್ಸಿನ್ಯಾಗ ಕ್ಲಬ್ಬಿಗೆ ಬಂತ್ರಿ. ಮಡಚಿದ್ರ ಎಲ್ಲಾ ಮುಷ್ಟಿಯಷ್ಟ."

"ಅಂವ ತಡಾ ಮಾಡಿದ ಅಂತ ಕ್ಲಬ್ಬಿನವರಿಗೆ ಹೇಳಿದಾಂವ ನೀನ?"

ಸಿದ್ದಲಿಂಗೇಶ ಹೌದೆಂದು ತಲೆಯಾಡಿಸಿದ.

"ಹತ್ತ ವರ್ಷ ಆ ಅವ್ವನ ಕೈಯಾಗ ಉಂಡೇನ್ರಿ. ನನ್ನ ಕೈಲೆ ಸತ್ತ ಅಂತ ಹೆಂಗ ಹೇಳ್ಲಿ?"

ಬಾಗಿಲ ಬಳಿ ಶೇಖವ್ವ ಎಲ್ಲ ಕೇಳುತ್ತಿದ್ದಳು. ಅವಳು ಅವನನ್ನು ಬೈಯಲಿಲ್ಲ.

"ಅಂವ ಮರಿಛತ್ರಿ ಹೊತ್ತಿಗೆ ಸರಿಯಾಗಿ ಗಾಳಿಗೆ ಒಗದಿದ್ನೇನೋ?"

"ಒಗದಿದ್ದ, ಯವ್ವಾ."

"ಸಾಹೇಬ್ರ, ಅದನ್ನ ಮದಲ ಬರೀರಿ."

ಪರಮೇಶಪ್ಪ ಅರ್ಧ ಬರೆದಿದ್ದ ಹಾಳೆಯನ್ನು ಪಕ್ಕಕ್ಕಿಟ್ಟು, ಹೊಸದೊಂದರ ಮೇಲೆ ಆ ಸಾಲಿನಿಂದಲೇ ಹೇಳಿಕೆ ಶುರುಮಾಡಿದರು.