ತೋಟದ ಮನೆಗೆ ಎಳೆದ ತಂತಿ

ಸಾವಿರದ ಒಂಬೈನೂರ ನಲವತ್ತೊಂದನೇ ಇಸವಿ ಅಕ್ಟೋಬರ್ ಹದಿನಾಲ್ಕು, ಮಂಗಳವಾರ. ಸಂಜೆ ಏಳೂಕಾಲಿಗೆ ಹೊಳೆನರಸೀಪುರದ ಜವಳಿ ವ್ಯಾಪಾರಿ ಷಡಕ್ಷರಿ ಪೊಲೀಸ್ ಠಾಣೆಗೆ ಬಂದು ದೂರು ಬರೆಸಿದರು. ತಮ್ಮ ತೋಟದ ಮನೆಗೆ ಎಳೆಸಿದ್ದ ಕರೆಂಟಿನ ತಂತಿಯನ್ನು ಯಾರೋ ಕಳ್ಳರು ಕಿತ್ತಿದ್ದಾರೆ. ಕೆಳಗೆ ಬಿದ್ದಿದ್ದ ತಂತಿಯನ್ನು ತುಳಿದು ತೋಟದ ಆಳು ತಿಮ್ಮಪ್ಪ ಸತ್ತಿದ್ದಾನೆ.

ಯುದ್ಧದ ಕಾಲ. ತಾಮ್ರಕ್ಕೆ ಬೆಲೆ ಏರಿತ್ತು. ಸಬ್ ಇನ್‌ಸ್ಪೆಕ್ಟರ್ ರುದ್ರಯ್ಯನವರಿಗೂ ಮೊದಲು ಅದು ಕಳ್ಳತನವೆಂದೇ ತೋರಿತು. ಎಫ್‌ಐಆರ್‌ಗೆ ಸಹಿ ಹಾಕಿಸಿಕೊಂಡು, ಶವವನ್ನು ಆಸ್ಪತ್ರೆಗೆ ಕಳಿಸಿ, ತೋಟಕ್ಕೆ ಕಾವಲು ಹಾಕಿದರು.

ಮರುದಿನ ಬೆಳಿಗ್ಗೆ ಏಳಕ್ಕೆ ಪಂಚರ ಎದುರು ಪಂಚನಾಮೆ ಶುರುವಾಯಿತು. ಷಡಕ್ಷರಿಯವರ ಮನೆಯ ಹಿತ್ತಲಿನಿಂದ ತೋಟದ ಮನೆಗೆ ಇನ್ನೂರ ಇಪ್ಪತ್ತು ಗಜ, ನಡುವೆ ಏಳು ಮರದ ಕಂಬ. ಕೊನೆಯ ಕಂಬದಿಂದ ಜೋತುಬಿದ್ದ ತಂತಿ ಒದ್ದೆ ಹುಲ್ಲಿನೊಳಗೆ ಮುಚ್ಚಿಹೋಗಿತ್ತು. ಪಕ್ಕದಲ್ಲೇ ಹಿತ್ತಾಳೆಯ ಪಾತ್ರೆ ಉರುಳಿ, ಮುದ್ದೆಗೆ ಇರುವೆ ಮುತ್ತಿತ್ತು. ಕಾನ್‌ಸ್ಟೇಬಲ್ ಚೆನ್ನಯ್ಯ ತಂತಿಯನ್ನು ಅಳೆದ.

"ಒಂದು ಗೇಣೂ ಕಮ್ಮಿ ಇಲ್ಲ ಸಾ."

"ಹಾಗಾದರೆ ಕಳ್ಳ ಏನನ್ನು ಕದ್ದ?"

ಚೆನ್ನಯ್ಯ ಸುತ್ತ ಹುಡುಕಿದ. ತೋಟದ ಮನೆಯ ಹಿಂದೆ ಹಲಸು ಕೀಳುವ ದೋಟಿ ಒರಗಿತ್ತು. ಅದರ ತುದಿಯ ಕುಡುಗೋಲಿನಲ್ಲಿ ತಾಮ್ರ ಉಜ್ಜಿದ ಕೆಂಪು ಗುರುತು. ಪಂಚನಾಮೆಗೆ ಕರೆಸಿದ್ದ ಲೈನ್‌ಮನ್ ಗುಂಡಯ್ಯ ಅದನ್ನು ತಿರುಗಿಸಿ ನೋಡಿದ.

"ಕರೆಂಟ್ ಇದ್ದಾಗ ಎಳೆದಿದ್ರೆ ಕುಡುಗೋಲಿನ ಬಾಯಿ ಸುಟ್ಟೋಗಿರೋದು ಸಾ. ಲೈನ್ ಆರಿಸಿದ್ದಾಗ ಕಿತ್ತವ್ರೆ."

ರುದ್ರಯ್ಯ ಒಳಗೆ ಹೋದರು. ಒಂದೇ ಕೋಣೆ. ಅಲ್ಲಿ ಇದ್ದವರು ಷಡಕ್ಷರಿಯವರ ತೀರಿಹೋದ ಅಣ್ಣನ ಹೆಂಡತಿ ದಾಕ್ಷಾಯಣಮ್ಮ. ಮೂವತ್ತೆರಡು ವರ್ಷ, ಮಕ್ಕಳಿಲ್ಲ. ಕಣ್ಣ ಕೆಳಗೆ ಬೂದಿ ಬಳಿದಂಥ ಕಪ್ಪು. ಮಂಚದ ನೇರ ಮೇಲೆ ಬಲ್ಬು. ಬಲ್ಬಿನ ಸುತ್ತ ಕಬ್ಬಿಣದ ಜಾಲರಿ, ಜಾಲರಿಗೆ ಬೀಗ. ಕಿಟಕಿಗೆ ಕೀಲುಗಳಿದ್ದವು, ಬಾಗಿಲುಗಳಿರಲಿಲ್ಲ. ಗೋಡೆಗಳನ್ನೆಲ್ಲ ಹುಡುಕಿದರೂ ಸ್ವಿಚ್ ಸಿಗಲಿಲ್ಲ.

ರುದ್ರಯ್ಯ ಹೊರಗೆ ಬಂದು, ಅಲ್ಲಿ ನಿಂತಿದ್ದ ಷಡಕ್ಷರಿಯವರನ್ನು ಕೇಳಿದರು.

"ಸ್ವಿಚ್ ಎಲ್ಲಿದೆ?"

"ನಮ್ಮ ಮಹಡಿ ಮೇಲೆ ಸ್ವಾಮಿ. ಸಂಜೆ ಆರಕ್ಕೆ ಹಾಕ್ತೀನಿ, ಬೆಳಿಗ್ಗೆ ಆರಿಸ್ತೀನಿ."

"ರಾತ್ರಿಯೆಲ್ಲ ಉರಿಯುತ್ತಾ?"

"ಗಂಡ ಇಲ್ಲದ ಹೆಂಗಸು. ಯಾರು ಬಂದ್ರು, ಯಾರು ಹೋದ್ರು ನಾವು ನೋಡ್ಕೋಬೇಡ್ವೆ? ಮನೆತನದ ಮಾನ ಸ್ವಾಮಿ."

"ಬೀಗ ಯಾಕೆ?"

"ಅತ್ತಿಗೆ ಎರಡು ಸಲ ಬಲ್ಬ್ ಒಡೆದ್ರು. ಕತ್ತಲೇಲಿ ಅವರಿಗೇನು ಕೆಲಸ?"

ರುದ್ರಯ್ಯ ಇಪ್ಪತ್ತು ವರ್ಷ ಇಲಾಖೆಯಲ್ಲಿದ್ದವರು. ಲಾಕಪ್ಪಿನಲ್ಲಿ ಕೈದಿಗೆ ನಿದ್ದೆ ಕೆಡಿಸಿ ಬಾಯಿ ಬಿಡಿಸುವವರನ್ನು ಕಂಡಿದ್ದರು. ಈ ದೀಪ ಹದಿನಾಲ್ಕು ತಿಂಗಳಿಂದ ಉರಿಯುತ್ತಿದೆ ಎಂದು ಈಗ ತಿಳಿಯಿತು. ಆದರೂ ಕೇಳಬೇಕಾದ್ದನ್ನು ಕೇಳಲೇಬೇಕಾಗಿತ್ತು. ದೋಟಿಯನ್ನು ತರಿಸಿ ದಾಕ್ಷಾಯಣಮ್ಮನ ಎದುರು ಇಟ್ಟರು.

"ಇದನ್ನ ನಿನ್ನೆ ಯಾರು ಮುಟ್ಟಿದ್ರು ತಾಯಿ?"

"ನಾನು."

"ಎಷ್ಟೊತ್ತಿಗೆ?"

"ನಾಲ್ಕು ಗಂಟೆ ಇರಬೇಕು. ಜೋರಾಗಿ ಎಳೆದೆ, ಕಿತ್ತು ಬಂತು."

"ಬಿದ್ದ ತಂತೀಲಿ ಕರೆಂಟ್ ಬರುತ್ತೆ ಅಂತ ಗೊತ್ತಿರಲಿಲ್ವಾ?"

"ತಂತಿ ಬಿದ್ರೆ ದೀಪ ಹತ್ತಲ್ಲ ಅಂತ ಮಾತ್ರ ಗೊತ್ತಿತ್ತು." ಆಕೆ ಸೆರಗಿನ ತುದಿಯನ್ನು ಹಿಂಡಿದರು. "ಆರು ಗಂಟೆ ಆಯ್ತು, ಕತ್ತಲೆ ಆಯ್ತು. ಎಷ್ಟು ಸುಖವಾಯ್ತು ಅಂದ್ರೆ, ಹಾಗೇ ಕಣ್ಣು ಹತ್ತಿಬಿಡ್ತು. ಊಟ ತಂದ ತಿಮ್ಮಪ್ಪ ಕೂಗಿದ್ದೂ ಕೇಳಿಸಲಿಲ್ಲ. ಅವನು ಅಷ್ಟು ಹತ್ತಿರ ಬಿದ್ದಿದ್ದ, ನಾನು ಮಲಗಿದ್ದೆ."

ಹನ್ನೊಂದೂವರೆಗೆ ಅವರನ್ನು ದಸ್ತಗಿರಿ ಮಾಡಿದರು. ಅಜಾಗರೂಕತೆಯಿಂದ ಸಾವಿಗೆ ಕಾರಣವಾದದ್ದು, ಕಲಂ ಮುನ್ನೂರ ನಾಲ್ಕು ಎ. ಸ್ವಿಚ್ಚನ್ನು ಮಹಡಿಯ ಮೇಲೆ ಇಟ್ಟುಕೊಂಡವರಿಗೆ ಯಾವ ಕಲಂ ಎಂದು ರುದ್ರಯ್ಯ ಠಾಣೆಯಲ್ಲಿ ಪುಸ್ತಕ ತೆಗೆದು ಬಹಳ ಹೊತ್ತು ಹುಡುಕಿದರು. ಸಿಗಲಿಲ್ಲ. ಷಡಕ್ಷರಿಯವರ ಹೆಸರನ್ನು ಸಾಕ್ಷಿಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಬರೆದರು. ಕೇಸ್ ಡೈರಿಯಲ್ಲಿ ಉದ್ದೇಶ ಎಂಬಲ್ಲಿ, 'ನಿದ್ದೆ ಮಾಡಬೇಕೆಂದು' ಎಂದಷ್ಟೇ ಬರೆದು ಸಹಿ ಹಾಕಿದರು.

ಮೂರು ಗಂಟೆಗೆ ತಿಮ್ಮಪ್ಪನ ಹೆಂಡತಿ ಲಕ್ಕಮ್ಮ ಹೆಣ ಕೇಳಲು ಬಂದಳು. ನಡೆದದ್ದನ್ನು ರುದ್ರಯ್ಯ ತಾವೇ ಹೇಳಿದರು. ಅವಳು ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದುಕೊಂಡಿದ್ದರು. ಅವಳು ಲಾಕಪ್ಪಿನ ಕಡೆ ತಿರುಗಿದಳು.

"ಅವ್ವಾರು ಕಣ್ಣು ಮುಚ್ಚಾಕಿಲ್ಲ ಕಣೇ ಅಂತ ದಿನಾ ಕೊರಗೋನು ಸಾ. ಒಂದು ಮಾತು ಏಳಿದ್ರೆ ಅವ್ನೇ ತಂತೀನ ಉಷಾರಾಗಿ ಕಿತ್ತಾಕ್ತಿದ್ದ."