ಕೊನೆಗೆ ಮುಟ್ಟಿದವನು

ಹಾಲು ಮಾರುವವನ ಕೊರಳಿಗೆ ಬಂಗಾರದ ಸರ ಹಾಕಿ, ಬಂಗಾರ ಮಾರುವವನಿಗೆ ಚಪ್ಪಾಳೆ ತಟ್ಟುವ ಕೆಲಸ ಕೊಟ್ಟ ಸಭೆಯನ್ನು ಕೋದಂಡಪ್ಪನಿಗೆ ಕ್ಷಮಿಸಲಾಗಲಿಲ್ಲ.

ಬಂಗಾರಪೇಟೆಯ ಸಜ್ಜನ ಸೇವಾ ಕ್ಲಬ್ಬಿಗೆ ಹೊಸ ಅಧ್ಯಕ್ಷನನ್ನು ಆರಿಸಿದ ದಿನ ಎದ್ದ ಕೈಗಳಲ್ಲಿ ಹೆಚ್ಚಿನವು ಮುನಿಸ್ವಾಮಪ್ಪನಿಗಾಗಿ ಎದ್ದಿದ್ದವು. ಮುನಿಸ್ವಾಮಪ್ಪ ಹಾಲಿನ ಸೊಸೈಟಿಯ ಕಾರ್ಯದರ್ಶಿ. ಮನೆಯಲ್ಲಿ ಸೀಮೆಹಸು ಕಟ್ಟಿದವನು. ಅವನು ಸಭೆಗೆ ಬಂದರೆ ಹಿಂಡಿಯ ವಾಸನೆಯೂ ಜೊತೆಗೆ ಬಂದು ಕುರ್ಚಿ ಹಿಡಿಯುತ್ತಿತ್ತು. ಕೋದಂಡಪ್ಪನಾದರೋ ಬಜಾರು ಬೀದಿಯ ಒಡವೆ ಅಂಗಡಿಯ ಯಜಮಾನ, ಕ್ಲಬ್ಬಿನ ವೃತ್ತಿಧರ್ಮ ಸಮಿತಿಯ ಮುಖ್ಯಸ್ಥ. ‘ನನ್ನ ಕಸುಬೇ ನನ್ನ ಸೇವೆ’ ಎಂಬ ಫಲಕವನ್ನು ಬರೆಸಿ ಗೋಡೆಗೆ ತೂಗುಹಾಕಿದವನೇ ಅವನು. ಫಲಕದ ಮೂಲೆಯಲ್ಲಿ ತನ್ನ ಅಂಗಡಿಯ ವಿಳಾಸವನ್ನೂ ಬರೆಸಿದ್ದ. ಧರ್ಮಕ್ಕೂ ಒಂದು ವಿಳಾಸ ಇರಬೇಕೆಂಬುದು ಅವನ ವಾದ.

ಆ ಕ್ಲಬ್ಬಿನಲ್ಲಿ ‘ವೃತ್ತಿ ಹಂಚಿಕೆ’ ಎಂಬ ಒಳ್ಳೆಯ ಪದ್ಧತಿಯೊಂದಿತ್ತು. ತಿಂಗಳಿಗೊಬ್ಬ ಸದಸ್ಯ ತನ್ನ ಕಸುಬಿನ ಒಳಗುಟ್ಟನ್ನು ಉಳಿದವರಿಗೆ ತಿಳಿಸಿಕೊಡಬೇಕು. ತನ್ನ ಸರದಿಯ ದಿನ ಕೋದಂಡಪ್ಪ ಒರೆಗಲ್ಲಿನೊಂದಿಗೆ ಬಂದ. ಒಡವೆಯನ್ನು ಕಲ್ಲಿಗೆ ಉಜ್ಜಿ, ಮೂಡಿದ ಗೆರೆಯ ಮೇಲೆ ಆಸಿಡ್ಡಿನ ಒಂದು ತೊಟ್ಟು ಬಿಟ್ಟು, “ಅಪ್ಪಟವಾದರೆ ಗೆರೆ ನಿಲ್ಲುತ್ತದೆ, ಖೋಟಾ ಆದರೆ ಹಸಿರು ನೊರೆಯಾಗಿ ಹೋಗುತ್ತದೆ. ಮನುಷ್ಯನ ಶೀಲವೂ ಹೀಗೆಯೇ” ಎಂದು ಹೇಳಿ ಕುಳಿತಾಗ ಸಭೆ ಎದ್ದು ನಿಂತು ಗೌರವಿಸಿತ್ತು. ಮುಂದಿನ ತಿಂಗಳು ಮುನಿಸ್ವಾಮಪ್ಪ ಒಂದು ಹಾಲಿನ ಕ್ಯಾನನ್ನೂ ಕೆಲವು ಸೀಸೆಗಳನ್ನೂ ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ಮಾತಾಡಿದ. ಕೋದಂಡಪ್ಪ ಮುಖದ ಮೇಲೆ ಮೆಚ್ಚಿಕೆಯನ್ನು ಹರಡಿಕೊಂಡು ಕಣ್ಣು ಮುಚ್ಚಿದ್ದ. ಹಾಲಿನವನಿಂದ ಕಲಿಯುವುದೇನಿದೆ, ನೀರು ಬೆರೆಸುವುದನ್ನೇ?

ಅಂಥವನು ಈಗ ಅಧ್ಯಕ್ಷ. ಊರಿಗಾಂನ ಗಣಿ ಬಂಗಲೆಗಳಲ್ಲಿದ್ದ ದೊರೆಗಳು ದೇಶ ಬಿಡುವಾಗ ಕ್ಲಬ್ಬಿಗೆ ಬಿಟ್ಟುಹೋದ ಅಪ್ಪಟ ಚಿನ್ನದ ಪದಕದ ಸರ, ಅಧ್ಯಕ್ಷನಾದವನು ವರ್ಷವಿಡೀ ತೊಡುವ ಸರ, ಇನ್ನು ಅವನ ಕೊರಳಿಗೆ.

ಮನೆಯಲ್ಲಿ ಹೆಂಡತಿ ವೆಂಕಟರತ್ನಮ್ಮ ತಟ್ಟೆಯನ್ನು ಇಟ್ಟ ಸದ್ದಿನಲ್ಲೇ ಸುದ್ದಿ ಅಲ್ಲಿಗೂ ತಲುಪಿದೆಯೆಂದು ಅವನಿಗೆ ತಿಳಿಯಿತು.

“ಅಲ್ರೀ, ಇನ್ಮೇಲೆ ಆ ಮುನಿಸ್ವಾಮಪ್ಪನ ಎಂಡ್ತಿ ಮುಂದ್ಲ ಸಾಲ್ನಾಗೆ, ನಾನು ಇಂದ್ಲ ಸಾಲ್ನಾಗೆ ಕೂತ್ಕೊಬೇಕಾ? ದಿನಾ ನಮ್ಮನೆಗೆ ಆಲು ಆಕ್ಬುಟ್ಟು ಓಗೋಳು ಅವಳು.”

“ಒಂದು ವರ್ಸ ಕೂತ್ಕೊಳೆ. ಆಮೇಲೆ ಆ ಸರ ನಿನ್ನ ಸೊಂಟಕ್ಕೆ ಬತ್ತದೆ.”

“ಕತ್ತಿನ ಸರ ಸೊಂಟಕ್ಕೆ ಎಂಗೆ ಬತ್ತದೆ? ತಲೆ ನೆಟ್ಟಗದಾ ನಿಮ್ಗೆ?”

ಕೋದಂಡಪ್ಪ ಸಾರನ್ನು ಸುರಿದುಕೊಂಡು ನಸುನಕ್ಕ. ಅವನ ತಲೆ ಎಂದಿಗಿಂತ ನೆಟ್ಟಗಿತ್ತು.

ಪ್ರತಿವರ್ಷ ಪದಗ್ರಹಣಕ್ಕೆ ಮುನ್ನ ಆ ಸರವನ್ನು ಅಂಗಡಿಗೆ ತಂದು ತೊಳೆದು, ಉಜ್ಜಿ, ಹೊಳಪು ಕೊಟ್ಟು ಹಿಂತಿರುಗಿಸುವುದು ಅವನ ಉಚಿತ ಸೇವೆಯಾಗಿತ್ತು. ಉಚಿತವಾದ್ದರಿಂದ ಯಾರೂ ಕೇಳುತ್ತಿರಲಿಲ್ಲ, ಯಾರೂ ನೋಡುತ್ತಿರಲಿಲ್ಲ. ಲೋಕದಲ್ಲಿ ಜನ ಕೂಲಿ ಪಡೆಯುವವನನ್ನು ಕಾಯುತ್ತಾರೆ; ಸೇವೆ ಮಾಡುವವನ ಕೈಗೆ ಬೀಗದ ಕೈಯನ್ನೇ ಕೊಟ್ಟುಬಿಡುತ್ತಾರೆ. ಈ ಸತ್ಯವನ್ನು ಕೋದಂಡಪ್ಪ ಭಾಷಣದಲ್ಲಿ ಹೇಳಿರಲಿಲ್ಲ. ಎಲ್ಲ ಗುಟ್ಟನ್ನೂ ಹಂಚಿಕೊಳ್ಳಬೇಕೆಂದು ನಿಯಮವೇನೂ ಇರಲಿಲ್ಲ.

ಅವನು ತಾಮ್ರದಲ್ಲಿ ಕೊಂಡಿ ಕೊಂಡಿಯಾಗಿ ನಕಲು ಸರವನ್ನು ಕಟ್ಟಿದ. ತೂಕಕ್ಕೆ ಪದಕದ ಹೊಟ್ಟೆಯಲ್ಲಿ ಸೀಸ ತುಂಬಿದ. ಮೇಲೆ ಚಿನ್ನದ ನೀರು ಹಾಕಿದ; ಯುಗಾದಿಯವರೆಗೆ ಬಣ್ಣ ನಿಂತು, ಅಧ್ಯಕ್ಷನ ಅವಧಿ ಮುಗಿಯುವ ಹೊತ್ತಿಗೆ ಮಂಕಾಗುವಷ್ಟು ಮಾತ್ರ. ಅಪ್ಪಟ ಸರವನ್ನು ಕುಲುಮೆಗಿಟ್ಟು ಕರಗಿಸಿದಾಗ ಅವನ ಮನಸ್ಸು ಅಳುಕಲಿಲ್ಲ. ಚಿನ್ನ ಎಲ್ಲಿಂದ ಬಂತೆಂದು ಚಿನ್ನಕ್ಕೇ ನೆನಪಿರುವುದಿಲ್ಲವಲ್ಲ. ಅದು ಹೆಂಡತಿಯ ಸೊಂಟದ ಹಳೆಯ ಡಾಬಿನೊಂದಿಗೆ ಬೆರೆತು ಹೊಸ ಡಾಬಾಯಿತು.

ಆದರೆ ಚಿನ್ನ ಈ ಸಂಚಿನ ಚಿಲ್ಲರೆ ಲಾಭ ಮಾತ್ರ. ವರ್ಷದ ಕೊನೆಯಲ್ಲಿ ಸರವನ್ನು ಮುಂದಿನವನಿಗೆ ಒಪ್ಪಿಸುವಾಗ, ಎಲ್ಲರೆದುರು ಅದನ್ನು ಒರೆಗೆ ಹಚ್ಚಬೇಕೆಂದು ತಾನೇ ಸೂಚಿಸುವುದು. ಕಲ್ಲಿನ ಮೇಲೆ ಹಸಿರು ನೊರೆ ಏಳುವುದು. ವರ್ಷವಿಡೀ ಕೊರಳಲ್ಲಿ ಹಾಕಿಕೊಂಡವನು ಮುನಿಸ್ವಾಮಪ್ಪ, ಕಳ್ಳನೂ ಅವನೇ. ಆಗ ಧರ್ಮವನ್ನು ಕಾಪಾಡಿದವನನ್ನು ಬಿಟ್ಟು ಬೇರೆ ಯಾರನ್ನು ಆ ಕುರ್ಚಿಯಲ್ಲಿ ಕೂರಿಸುತ್ತಾರೆ? ನಡುವೆ ಯಾರಿಗಾದರೂ ಅನುಮಾನ ಬಂದರೆ? ಬರಲಿ. ಆ ಊರಿನಲ್ಲಿ ಚಿನ್ನದ ಬಗ್ಗೆ ಅನುಮಾನ ಬಂದವರು ಕೋದಂಡಪ್ಪನ ಅಂಗಡಿಯ ಮೆಟ್ಟಿಲನ್ನೇ ಹತ್ತಬೇಕಿತ್ತು.

ಪದಗ್ರಹಣ ಸಮಾರಂಭ ಊರಿಗಾಂನ ಹಳೆಯ ಕಂಪನಿ ಸಭಾಂಗಣದಲ್ಲಿ ನಡೆಯಿತು. ಕೋದಂಡಪ್ಪ ತನ್ನ ಕೈಯಾರೆ ಸರವನ್ನು ಮುನಿಸ್ವಾಮಪ್ಪನಿಗೆ ತೊಡಿಸಿ, “ಇದನ್ನು ನಿಮ್ಮ ವೃತ್ತಿಯಷ್ಟೇ ಶುದ್ಧವಾಗಿ ಕಾಪಾಡಿ” ಎಂದು ಹರಸಿದ.

“ನಮ್ಮದು ಆಲಿನ ಕಸುಬು ಅಣ್ಣ. ಬಂಗಾರ ಕಾಯೋದು ಗೊತ್ತಿಲ್ಲ. ಗೊತ್ತಿರೋ ಥರಾನೇ ಕಾಯ್ತೀನಿ,” ಎಂದು ಮುನಿಸ್ವಾಮಪ್ಪ ಕೈಮುಗಿದ.

ಜನ ನಕ್ಕರು. ಕೋದಂಡಪ್ಪನೂ ನಕ್ಕ. ಆದರೆ ಹಾಲಿನವನು ಹಾಕಿಸಿದ ಊಟಕ್ಕೆ ಎಲೆಯ ಮುಂದೆ ಕೂರುವಷ್ಟು ಅವನ ನಗೆ ಬೆಳೆದಿರಲಿಲ್ಲ. ಹೊಟ್ಟೆ ಸರಿಯಿಲ್ಲವೆಂದು ಹೇಳಿ, ಮಾರಿಕುಪ್ಪಂನಿಂದ ಬಂದ ರೈಲುಗಾಡಿ ಹತ್ತಿ ಬಂಗಾರಪೇಟೆಗೆ ಹೊರಟುಹೋದ.

ಆ ವರ್ಷವಿಡೀ ಅವನು ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಕಣ್ಣಿನ ಶಿಬಿರದಲ್ಲಿ, ಶಾಲೆಗೆ ಬೆಂಚು ಕೊಟ್ಟ ದಿನ, ಎಲ್ಲೆಲ್ಲೂ ಮುನಿಸ್ವಾಮಪ್ಪನ ಕೊರಳಲ್ಲಿ ಸರ ತೂಗುತ್ತಿತ್ತು. ಎಲ್ಲೆಲ್ಲೂ ಕೋದಂಡಪ್ಪನ ಕಣ್ಣು ಅದರ ಮೇಲೆ ತೂಗುತ್ತಿತ್ತು. ದಸರಾ ಹೊತ್ತಿಗೇ ಬಣ್ಣ ಮಂಕಾದದ್ದು ಕಂಡು ಅವನಿಗೆ ತನ್ನ ಕೈಕೆಲಸದ ಮೇಲೇ ಬೇಸರವಾಯಿತು. ಆಮೇಲೆ, ದನದ ಮೈ ತೊಳೆಯುವವನ ಬೆವರಿಗೆ ಯಾವ ಗಿಲೀಟು ನಿಂತೀತು ಎಂದು ಸಮಾಧಾನ ಮಾಡಿಕೊಂಡ. ತಪ್ಪು ಎಂದಿಗೂ ತನ್ನದಲ್ಲ ಎಂದು ನಂಬುವವನಿಗೆ ಸಮಾಧಾನ ಬಹುಬೇಗ ಸಿಗುತ್ತದೆ.

ಅವಧಿಯ ಕೊನೆಯ ಸಭೆ ಬಂತು. ಸಂಸಾರಗಳೂ ಬಂದಿದ್ದವು. ವೆಂಕಟರತ್ನಮ್ಮ ಹೊಸ ಡಾಬು ಕಟ್ಟಿಕೊಂಡು, ಯಾರು ಏನೆಂದರೂ ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ಪಕ್ಕದಲ್ಲಿ ಮುನಿಸ್ವಾಮಪ್ಪನ ಹೆಂಡತಿ ಚಿಕ್ಕವೆಂಕಟಮ್ಮ.

“ಡಾಬು ಬಲು ಚೆನ್ನಾಗೈತೆ ಅಕ್ಕ. ಒಸದಾ?”

“ಮನೆ ಬಂಗಾರಾನೇ ಕಣಮ್ಮ,” ಎಂದಳು ವೆಂಕಟರತ್ನಮ್ಮ, ಸೆರಗನ್ನು ಇನ್ನಷ್ಟು ಸರಿಸಿ.

ಕೋದಂಡಪ್ಪ ಎದ್ದು ನಿಂತ. ಸಾರ್ವಜನಿಕ ಸ್ವತ್ತು ಕೈಬದಲಾಗುವಾಗ ಪರೀಕ್ಷೆಯಾಗಬೇಕಾದ್ದು ವೃತ್ತಿಧರ್ಮದ ಮೊದಲ ಪಾಠ ಎಂದ. ಹಾಗೆಯೇ ಒಂದು ನಿಯಮವನ್ನೂ ಸಭೆಯ ಮುಂದಿಟ್ಟ: “ಸ್ವತ್ತು ಕೆಟ್ಟಿದ್ದರೆ ಅದರ ಹೊಣೆ ಕೊನೆಗೆ ಮುಟ್ಟಿದವನದು. ಅವನು ಎಷ್ಟೇ ದೊಡ್ಡವನಾಗಿರಲಿ, ದಾಕ್ಷಿಣ್ಯವಿಲ್ಲದೆ ಪೊಲೀಸರಿಗೆ ಒಪ್ಪಿಸಬೇಕು. ಒಪ್ಪಿಗೆಯೇ?”

ಎಲ್ಲರ ಕೈಗಳೂ ಎದ್ದವು. ಮುನಿಸ್ವಾಮಪ್ಪನ ಕೈಯೂ ಎದ್ದಿತು. ಏನೋ ಹೇಳಲು ಅವನು ಬಾಯಿ ತೆರೆದ. ಕೋದಂಡಪ್ಪ, “ಅಧ್ಯಕ್ಷರು ಕೊನೆಗೆ ಮಾತಾಡಬೇಕು” ಎಂದು ತಡೆದ. ಮುನಿಸ್ವಾಮಪ್ಪ ಸರವನ್ನು ಬಿಚ್ಚಿ ಕೊಟ್ಟ.

ಕೈಗೆ ಬಂದಾಗ ಕೊಂಡಿಗಳು ತುಸು ಒರಟೆನಿಸಿದವು. ಆದರೆ ವರ್ಷದಿಂದ ಕಾದ ಗಳಿಗೆಯಲ್ಲಿ ಬೆರಳಿನ ಮಾತನ್ನು ಯಾರು ಕೇಳುತ್ತಾರೆ? ಅವನು ಸರವನ್ನು ಕಲ್ಲಿಗೆ ಉಜ್ಜಿ ಆಸಿಡ್ಡು ಬಿಟ್ಟ. ಗೆರೆ ಹಸಿರಾಗಿ ನೊರೆಗಟ್ಟಿ ಮಾಯವಾಯಿತು. ಕಲ್ಲನ್ನು ಸಾಲು ಸಾಲಿಗೂ ಹಿಡಿದು ತೋರಿಸಿ, ಗದ್ಗದ ಕಂಠದಲ್ಲಿ ನುಡಿದ:

“ನಾನು ತೊಡಿಸಿದ ಸರ ಅಪ್ಪಟ ಚಿನ್ನ. ನನ್ನ ಕೈಯಿಂದ ಹೊರಟಾಗ ಅದರಲ್ಲಿ ಕೂದಲೆಳೆಯಷ್ಟೂ ದೋಷವಿರಲಿಲ್ಲ. ಇದನ್ನು ನನ್ನ ಕಸುಬಿನ ಮೇಲೆ, ನನ್ನ ಮನೆದೇವರ ಮೇಲೆ ಆಣೆಯಿಟ್ಟು ಹೇಳುತ್ತೇನೆ. ಹಾಲಿನಲ್ಲಿ ನೀರು ಬೆರೆಸಿದರೆ ಕ್ಷಮಿಸಬಹುದು, ಮುನಿಸ್ವಾಮಪ್ಪನವರೇ. ಇದನ್ನು ಕ್ಷಮಿಸುವುದು ಹೇಗೆ?”

ಸಭೆಯ ಕಣ್ಣುಗಳೆಲ್ಲ ಮುನಿಸ್ವಾಮಪ್ಪನತ್ತ ಹೊರಳಿದವು. ಬ್ಯಾಂಕಿನ ಮ್ಯಾನೇಜರ್ ಶ್ರೀನಿವಾಸಪ್ಪ ಮಾತ್ರ ಕನ್ನಡಕ ತೆಗೆದು ಒರೆಸತೊಡಗಿದ. ಅವನೂ ಕಣ್ಣೀರಿಟ್ಟನೆಂದು ಕೋದಂಡಪ್ಪ ಭಾವಿಸಿದ.

“ಈಗ ನಾನು ಮಾತಾಡ್ಬೋದಾ ಅಣ್ಣ?” ಮುನಿಸ್ವಾಮಪ್ಪ ನಿಧಾನವಾಗಿ ಎದ್ದ. “ನೀವು ಅಂದಿದ್ದು ಸರಿ. ಇದು ಇತ್ತಾಳೆನೇ. ನಾಟಕದೋರಿಗೆ ಕಿರೀಟ ಮಾಡೋನತ್ರ ನಾನೇ ಮಾಡ್ಸಿದ್ದು. ದನದ ಕೊಟ್ಟಿಗೆಗೆ ಓಗೋನು, ರೈಲ್ನಾಗೆ ಓಡಾಡೋನು, ದೊರೆಗಳ ಬಂಗಾರ ಕತ್ತಿಗಾಕ್ಕೊಂಡು ತಿರುಗಕ್ಕಾಗ್ತದಾ?”

“ಹಾಗಾದರೆ ನಾನು ಕೊಟ್ಟದ್ದೆಲ್ಲಿ?” ಎಂದ ಕೋದಂಡಪ್ಪ. ಪ್ರಶ್ನೆ ಪೂರ್ತಿಯಾಗುವ ಮೊದಲೇ ಅದು ಬೇಡವಾಗಿತ್ತೆಂದು ಅವನಿಗೆ ಅನಿಸಿತು.

ಶ್ರೀನಿವಾಸಪ್ಪ ಚೀಲದಿಂದ ಬಿಳಿಯ ಬಟ್ಟೆಯ ಗಂಟೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಗಂಟಿನ ಮೇಲೆ ಕೆಂಪು ಅರಗು, ಅರಗಿನ ಮೇಲೆ ಬ್ಯಾಂಕಿನ ಮುದ್ರೆ, ಎಲ್ಲಿಯೂ ಬಿರುಕಿರಲಿಲ್ಲ. ಪದಗ್ರಹಣದ ದಿನ, ಊಟದ ಎಲೆ ಎತ್ತಿದ ಮೇಲೆ, ಇನ್ನೂ ಉಳಿದಿದ್ದ ಒಬ್ಬಿಬ್ಬರೆದುರಿಗೇ ಕಟ್ಟಿ ಲಾಕರಿನಲ್ಲಿಟ್ಟದ್ದು ಎಂದ. ಮುನಿಸ್ವಾಮಪ್ಪ ಸಂಕೋಚದಿಂದ ತಲೆ ಕೆರೆದುಕೊಂಡ. “ನನ್ನ ಸರದಿ ದಿನ ಯೇಳಿದ್ನಲ್ಲಣ್ಣ, ಸೀಸೆ ಇಟ್ಕೊಂಡು. ಸೊಸೈಟಿನಾಗೆ ಯಾರೇ ಆಲು ತರ್ಲಿ, ಕ್ಯಾನಿಗೆ ಸುರಿಯಾಕ್ಮುಂಚೆ ಅವರೆದುರಿಗೇ ಒಂದು ಸೀಸೆ ಎತ್ತಿ ಮುದ್ರೆ ಆಕ್ಬುಡ್ತೀವಿ. ನಾಳೆ ತಕರಾರು ಬಂದ್ರೆ ತಂದೋರ ಮರ್ಯಾದೆ ಉಳೀಲಿ ಅಂತ. ಅವತ್ತು ನಿಮ್ಮೆದುರಿಗೇ ಮಾಡಾನ ಅಂತ ಉಡುಕ್ದೆ, ನೀವು ಊಟಕ್ಕೂ ನಿಲ್ದೆ ಓಗ್ಬುಟ್ರಿ.” ಮ್ಯಾನೇಜರ್ ಅರಗನ್ನು ಒಡೆದ. ಕೋದಂಡಪ್ಪನೇ ಕೊಂಡಿ ಕೊಂಡಿಯಾಗಿ ಕಟ್ಟಿದ್ದ ಸರ, ಒಂದೇ ಒಂದು ಸಂಜೆ ಕೊರಳು ಕಂಡಿದ್ದ ಸರ, ಹೊಳಪು ಮಾಸದೆ ಬಿಳಿಯ ಬಟ್ಟೆಯ ಮೇಲೆ ಮಲಗಿತ್ತು. ಮುಂದಿನ ಸಾಲಿನಲ್ಲಿ ವೆಂಕಟರತ್ನಮ್ಮ ಸೆರಗನ್ನು ಮೆಲ್ಲಗೆ ಸೊಂಟದ ಮೇಲೆ ಎಳೆದುಕೊಂಡಳು. ಮುನಿಸ್ವಾಮಪ್ಪ ಆ ಸರವನ್ನು ಎರಡೂ ಕೈಯಲ್ಲಿ ಎತ್ತಿ, ದೇವರಿಗೆ ಹೂ ಕೊಡುವವನಂತೆ ಮುಂದೆ ಹಿಡಿದ. “ನಿಮ್ಮ ತಾವಿಂದ ಬಂದ ಮೇಲೆ ಇದನ್ನ ಯಾರೂ ಮುಟ್ಟಿಲ್ಲಣ್ಣ. ಕಲ್ಲು ನಿಮ್ಮ ಕೈನಾಗೇ ಅದೆ. ಇದನ್ನೂ ಒಸಿ ಉಜ್ಜಿ ತೋರ್ಸ್ಬುಡಿ.”